ಅಕ್ಕನ ಇಂಗ್ಲಿಷ್

ಒಂದೇ ಒಂದು ನಕ್ಷತ್ರ ಬಿದ್ದಿತ್ತು. ಉಳಿದ ನಾಲ್ಕೂ ಖಾಲಿ.

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡು ಮತ್ತೆ ಪರದೆ ನೋಡಿದ. ಆರು ವರ್ಷದಲ್ಲಿ ಒಬ್ಬ ಗಿರಾಕಿಯೂ ಹೀಗೆ ಮಾಡಿರಲಿಲ್ಲ. ನಕ್ಷತ್ರದ ಕೆಳಗೆ, ಹಳೆಯ ಫೋಟೋ ತಿದ್ದಿಸಿಕೊಂಡಿದ್ದ ಹೆಂಗಸು ಮೂರು ಸಾಲು ಇಂಗ್ಲಿಷ್ ಬರೆದಿದ್ದಳು. ಅದರಲ್ಲಿ ಅವನಿಗೆ ಗುರುತು ಸಿಕ್ಕಿದ್ದು 'ಹಸ್ಬೆಂಡ್' ಮತ್ತು 'ಶೇಮ್' ಎಂಬ ಎರಡೇ ಪದ. ಕೆಲಸದಲ್ಲೇ ಏನೋ ಎಡವಟ್ಟಾಗಿರಬೇಕೆಂದು ಫೋಟೋವನ್ನು ದೊಡ್ಡದು ಮಾಡಿ ಮೂಲೆಮೂಲೆ ಹುಡುಕಿದ. ದೋಣಿಗೆ ಒರಗಿ ನಿಂತ ಗಂಡಸು. ನಾಲ್ಕಾಗಿ ಮಡಿಸಿಟ್ಟಿದ್ದ ಫೋಟೋ. ಮಡಿಕೆಯ ಗೆರೆ ಸರಿಯಾಗಿ ಮುಖದ ಮೇಲೇ ಹಾದು ಎಡಗಿವಿಯನ್ನು ನುಂಗಿಹಾಕಿತ್ತು. ಬಲಗಿವಿಯನ್ನೇ ತಿರುಗಿಸಿ ಎಡಕ್ಕೆ ಕೂರಿಸಿ, ಕಳ್ಳ ಕಿವಿ ಎಂದು ಗೊತ್ತಾಗದ ಹಾಗೆ ಅದರ ಮೇಲೆ ಬಿಸಿಲು ತಿದ್ದಿದ್ದ. ಹೆತ್ತ ತಾಯಿಗೂ ಗೊತ್ತಾಗುವಂತಿರಲಿಲ್ಲ.

"ಅಕ್ಕಾ, ಸ್ವಲ್ಪ ಬಾ ಇಲ್ಲಿ," ಎಂದು ಕೂಗಿದ.

ಅಕ್ಕ ಕೈಯಲ್ಲಿ ಪೆನ್ನು ಹಿಡಿದೇ ಬಂದಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ನಿವೃತ್ತಿಯಾಗಿ ತಮ್ಮನ ಮನೆಗೆ ಬಂದಮೇಲೂ ಬೀದಿಯವರಿಗೆಲ್ಲ ಟೀಚರಮ್ಮನೇ. ಬೆನ್ನು ನೆಟ್ಟಗೆ ಮಾಡಿ, ಕ್ಲಾಸಿನಲ್ಲಿ ಓದುವ ಹಾಗೆ ಆ ಮೂರು ಸಾಲನ್ನು ಗಟ್ಟಿಯಾಗಿ ಓದಿದಳು. ಒಂದೊಂದು ಪದವೂ ತೊಳೆದಿಟ್ಟ ಹಾಗಿತ್ತು.

"ಏನಂತೆ?"

"ಏನೋ ಕೋಪ ಮಾಡ್ಕೊಂಡಿದ್ದಾಳೆ ಕಣೋ. ನಾವು ಅವಮಾನ ಮಾಡಿದೀವಂತೆ. ಎಂಥ ಒರಟು ಹೆಂಗಸೋ ಏನೋ! ಬಿಡು, ಇಂಥವರೂ ಇರ್ತಾರೆ." ಅಷ್ಟು ಹೇಳಿ ಒಳಗೆ ಹೋದಳು.

ಮೊದಲು ಊರಿನ ಮುಖ್ಯ ರಸ್ತೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂದು ಕೂತಮೇಲೆ ಅದರ ಬಾಗಿಲು ಮುಚ್ಚಿ, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ. ಹರಿದ, ಬೂಷ್ಟು ಹಿಡಿದ, ಬಣ್ಣ ಹೋದ ಹಳೆಯ ಫೋಟೋಗಳನ್ನು ದೂರದೂರದ ದೇಶಗಳವರು ಇಂಟರ್ನೆಟ್ಟಿನಲ್ಲಿ ಕಳಿಸುತ್ತಿದ್ದರು. ಅವನು ಹೊಸದರ ಹಾಗೆ ಮಾಡಿ ವಾಪಸು ಕಳಿಸುತ್ತಿದ್ದ. ಕೈಕೆಲಸ ಅವನದು, ಮಾತೆಲ್ಲ ಅಕ್ಕನದು. ಗಿರಾಕಿಗಳು ಬರೆದದ್ದನ್ನು ಓದಿ ಹೇಳುತ್ತಿದ್ದವಳೂ ಅವಳೇ, ಹಾಳೆಯ ಮೇಲೆ ಉತ್ತರ ಬರೆದು ಕೊಡುತ್ತಿದ್ದವಳೂ ಅವಳೇ. ಅವನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡುತ್ತಿದ್ದ. ಅರ್ಥಕ್ಕೆ ತಲೆ ಕೆಡಿಸಿಕೊಂಡವನಲ್ಲ. ಎಂಟನೇ ಕ್ಲಾಸಿನಲ್ಲಿ ಶಾಲೆಯ ಗೋಡೆ ಹಾರಿ ಓಡಿಹೋದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಈಗ ಆ ಹೆಂಗಸಿಗೆ ತಾನು ಕಳಿಸಿದ್ದ ಸಂದೇಶವನ್ನು ತೆಗೆದ. ನಾಲ್ಕು ಸಾಲು. ಎರಡನೇ ಸಾಲಿನಲ್ಲಿ 'ಹ್ಯಾಪಿ' ಕಂಡಿತು. ಆ ಪದ ಅವನಿಗೂ ಗೊತ್ತಿತ್ತು. ಕೇಕಿನ ಮೇಲೆ ಬರೆಯುತ್ತಾರೆ. ಅಕ್ಕನ ನಿಘಂಟು ತಂದು, ಒಂದು ಪದ ನೋಡಿ, ಬೆರಳಿಟ್ಟು, ಇನ್ನೊಂದು ಪದ ನೋಡಿ, ಎರಡನ್ನೂ ಪೋಣಿಸುವಷ್ಟರಲ್ಲಿ ಕುತ್ತಿಗೆ ಬೆವರಿತ್ತು. ಒಂದು ಗಂಟೆ ಕಳೆದ ಮೇಲೆ ಅವನ ಮುಂದಿದ್ದ ಚೀಟಿಯಲ್ಲಿ ಹೀಗಿತ್ತು: ನಿಮ್ಮ ಗಂಡ ತೀರಿಹೋದರೆಂದು ತಿಳಿದು ತುಂಬಾ ಸಂತೋಷವಾಯಿತು. ಈ ಶುಭದಿನ ನಿಮ್ಮ ಬಾಳಿನಲ್ಲಿ ಮತ್ತೆ ಮತ್ತೆ ಬರಲಿ.

ಅವನು ನಿಘಂಟು ಮುಚ್ಚಿದ. ಒಳಗೆ ಅಕ್ಕ ಯಾವುದೋ ಪುಸ್ತಕ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಕೇಳಿಸಿಕೊಂಡರೆ ಏನೂ ಆಗಿಲ್ಲ ಅನ್ನಿಸುವಂಥ ದನಿ.

ಅವನ ಹೆಂಡತಿ ಬಟ್ಟೆ ಅಂಗಡಿಯೊಂದರಲ್ಲಿ ಅಳತೆ ತೆಗೆದು, ಉದ್ದ ಬಂದ ಪ್ಯಾಂಟು, ಸಡಿಲವಾದ ರವಿಕೆಗಳನ್ನು ಸರಿ ಮಾಡಿಕೊಡುವ ಕೆಲಸದಲ್ಲಿದ್ದಳು. ಸಂಜೆ ಬಂದವಳಿಗೆ ಚೀಟಿ ತೋರಿಸಿದ. ಅವಳು ಓದಿದಳು, ಮಡಿಸಿದಳು, ಅವನ ಕೈಗೇ ಕೊಟ್ಟಳು.

"ನಾನು ಹೇಳಿದ್ರೆ ನಿಮಗೆ ಸಿಟ್ಟು ಬರುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ ಕಣ್ರೀ," ಎಂದಳು. "ಮೊನ್ನೆ ಅತ್ತಿಗೆ ನನ್ನನ್ನ ಕೂರಿಸಿಕೊಂಡು, 'ನಿಮ್ಮ ಮಗು ಯಾವ ಸೆಕ್ಷನ್ನು, ಮನೇಲಿ ಓದ್ಕೊಳ್ತಾನಾ' ಅಂತ ಕೇಳಿದ್ರು."

ಅವರಿಗೆ ಮಕ್ಕಳಿರಲಿಲ್ಲ.

"ನೀನೇನಂದೆ?"

"ಓದ್ಕೊಳ್ತಾನೆ ಮೇಡಂ ಅಂದೆ. ಇನ್ನೇನನ್ಲಿ?"

ಆ ವಾರವೇ ಕರೆದುಕೊಂಡು ಹೋದಾಗ ಡಾಕ್ಟರು ಅಕ್ಕನ ಕೈಯಲ್ಲಿ ಗಡಿಯಾರದ ಚಿತ್ರ ಬರೆಸಿದರು, ಇವತ್ತು ಯಾವ ವಾರ ಎಂದು ಕೇಳಿದರು. ಅಕ್ಕ ನಗುನಗುತ್ತ ಉತ್ತರ ಹೇಳಿದಳು, ಅರ್ಧ ಸರಿ, ಅರ್ಧ ತಪ್ಪು. ಅವಳನ್ನು ಹೊರಗೆ ಕೂರಿಸಿ ಬಂದಮೇಲೆ ಡಾಕ್ಟರು ಮೆಲ್ಲಗೆ ಹೇಳಿದರು: "ಈ ಮರೆವು ನಿಧಾನಕ್ಕೆ ಹೆಚ್ಚಾಗೋದು. ನಿಲ್ಲಿಸೋಕೆ ನಮ್ಮ ಕೈಲಿ ಆಗಲ್ಲ, ಸ್ವಲ್ಪ ತಡೀಬಹುದು ಅಷ್ಟೆ. ಎರಡು ಭಾಷೆ ಬಲ್ಲವರಿಗೆ ಎಷ್ಟೋ ಸಲ ಆಮೇಲೆ ಕಲಿತದ್ದು ಮೊದಲು ಹೋಗುತ್ತೆ. ಚಿಕ್ಕಂದಿನ ಮಾತು ಕೊನೆವರೆಗೂ ಉಳಿಯುತ್ತೆ."

"ಅವಳಿಗೆ ಹೇಳಬೇಕಾ ಸಾರ್?"

"ಕೇಳಿದ್ರೆ ಹೇಳಿ."

ಅಕ್ಕ ಕೇಳಲಿಲ್ಲ. ಅವನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳ ಎದುರು ಕೂತು, ಕೆಮ್ಮಿ, "ಅಕ್ಕ, ನನಗೂ ಸ್ವಲ್ಪ ಇಂಗ್ಲಿಷ್ ಕಲಿಸಿಕೊಡು," ಎಂದ.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗೀಗ ವಯಸ್ಸೆಷ್ಟು?"

"ಐವತ್ತೆರಡು."

"ಗೋಡೆ ಹಾರೋ ಶಕ್ತಿ ಇದೆಯಾ?"

"ಮೊಣಕಾಲು ನೋವು."

"ಹಾಗಾದ್ರೆ ಸರಿ. ನಾಳೆಯಿಂದ ಬೆಳಿಗ್ಗೆ ಏಳು ಗಂಟೆಗೆ. ತಡ ಮಾಡಿದ್ರೆ ಹೊರಗೆ ನಿಲ್ಲಿಸ್ತೀನಿ."

ನಿಲ್ಲಿಸಿಯೂ ನಿಲ್ಲಿಸಿದಳು. ಎರಡನೇ ದಿನವೇ ಏಳೂ ಹತ್ತಕ್ಕೆ ಬಂದವನನ್ನು ಬಾಗಿಲ ಬಳಿ ನಿಲ್ಲಿಸಿ, ಅಷ್ಟು ಹೊತ್ತೂ ಖಾಲಿ ಕುರ್ಚಿಗೇ ಪಾಠ ಹೇಳಿದಳು. ಕೆಲಸಕ್ಕೆ ಹೊರಟ ಹೆಂಡತಿ ಅವನನ್ನು ದಾಟಿಕೊಂಡು ಹೋಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವಿಚಿತ್ರವೆಂದರೆ, ಬರೆಯುವಾಗ ಕೈಕೊಡುತ್ತಿದ್ದ ಇಂಗ್ಲಿಷ್ ಪಾಠ ಹೇಳುವಾಗ ಅಕ್ಕನಿಗೆ ಸರಾಗವಾಗಿ ಬರುತ್ತಿತ್ತು. ಮೂವತ್ತೊಂದು ವರ್ಷ ಹೇಳಿದ್ದನ್ನೇ ಹೇಳಿ ನಾಲಗೆಗೆ ದಾರಿ ಬಿದ್ದಿತ್ತು. "'ಎ' ಅಂದ್ರೆ ಯಾವುದೋ ಒಂದು. 'ದ' ಅಂದ್ರೆ ನಮ್ಮಿಬ್ಬರಿಗೂ ಗೊತ್ತಿರೋದು. 'ಎ ಡಾಗ್' ಬಂತು ಅಂದ್ರೆ ದಾರೀಲಿ ಹೋಗೋ ನಾಯಿ. 'ದ ಡಾಗ್' ಬಂತು ಅಂದ್ರೆ ಅದೇ, ನಿನ್ನ ಚಪ್ಪಲಿ ಕಚ್ಚಿಕೊಂಡು ಹೋಯ್ತಲ್ಲ, ಅದು."

"ನಮ್ಮ ಮಾತಿನಲ್ಲಿ ಬರೀ ನಾಯಿ ಅಂದ್ರೆ ಸಾಕಲ್ಲ ಅಕ್ಕ. ಕೇಳೋವರಿಗೆ ಅರ್ಥ ಆಗುತ್ತೆ."

"ಅವರಿಗೆ ಆಗಲ್ಲ. ಅವರಿಗೆ ಬಿಡಿಸಿ ಹೇಳಬೇಕು."

ಅವನು ಕಲಿತ. ಬೇಗ ಏನೂ ಬರಲಿಲ್ಲ. ಬೂಷ್ಟು ತೆಗೆಯುವ ಕೆಲಸದ ಹಾಗೆ ಒಂದು ಚುಕ್ಕೆ, ಇನ್ನೊಂದು ಚುಕ್ಕೆ. ಮೊದಲು ಮಾಡಿದ ಕೆಲಸವೆಂದರೆ ಆ ಹೆಂಗಸಿಗೆ ಕ್ಷಮೆ ಕೇಳಿ ಐದು ಸಾಲು ಬರೆದದ್ದು. ಅವಳು ಉತ್ತರ ಕೊಡಲಿಲ್ಲ. ನಕ್ಷತ್ರವೂ ಬದಲಾಗಲಿಲ್ಲ.

ಉಳಿದ ಗಿರಾಕಿಗಳಿಗೂ ಅವನೇ ಬರೆಯತೊಡಗಿದ. ಆದರೆ ಅಕ್ಕನಿಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಗಿರಾಕಿಯ ಮಾತನ್ನು ಮೊದಲಿನಂತೆ ಅವಳ ಮುಂದಿಡುತ್ತಿದ್ದ, ಅವಳು ಮೊದಲಿನಂತೆ ಬರೆದುಕೊಡುತ್ತಿದ್ದಳು, ಅವನು ಆ ಹಾಳೆಯನ್ನು ಮೇಜಿನ ಕೆಳಗಿನ ಖಾನೆಯಲ್ಲಿಟ್ಟು ತನ್ನ ಮೂರು ಸಾಲನ್ನು ಕಳಿಸುತ್ತಿದ್ದ. "ಆ ಮದುವೆ ಫೋಟೋದವರು ಏನು ಬರೆದ್ರು?" ಎಂದು ಅಕ್ಕ ಕೇಳಿದರೆ, "ತುಂಬಾ ಖುಷಿಯಾಯ್ತಂತೆ. ನಿಮ್ಮ ಕಾಗದ ಓದಿ ಕಣ್ಣಲ್ಲಿ ನೀರು ಬಂತಂತೆ," ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದ. ಸುಳ್ಳು ಹೇಳುವುದೂ ಒಂದು ಕಲಿಕೆಯೇ. ಅದು ಇಂಗ್ಲಿಷಿಗಿಂತ ಬೇಗ ಬಂತು.

ಹೀಗೆ ನಾಲ್ಕು ತಿಂಗಳು ನಡೆಯಿತು.

ಒಂದು ದಿನ ಪ್ರಿಂಟರಿನ ಇಂಕು ತರಲು ಪೇಟೆಗೆ ಹೋದವನು ಹತ್ತೂವರೆ ಹೊತ್ತಿಗೆ ಬಂದು ನೋಡಿದರೆ ಅಕ್ಕ ಅವನ ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ಅವನು ಬೆಳಿಗ್ಗೆ ಕಳಿಸಿದ ಸಂದೇಶ ಹಾಗೆಯೇ ಇತ್ತು. ಅಕ್ಕ ಅದನ್ನು ಒಂದು ಹಾಳೆಗೆ ಇಳಿಸಿಕೊಂಡು ಕೆಂಪು ಶಾಯಿಯಲ್ಲಿ ತಿದ್ದಿದ್ದಳು. ಪಕ್ಕದಲ್ಲಿ ಖಾನೆಯಿಂದ ತೆಗೆದ ಹಾಳೆಗಳು, ಹನ್ನೊಂದು. ಪರೀಕ್ಷೆಯ ಪೇಪರು ಹಂಚುವ ಮುಂಚೆ ಜೋಡಿಸಿಟ್ಟ ಹಾಗೆ ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದಳು.

"ಇದನ್ನ ಬರೆದಿದ್ದು ಯಾರು?"

"ನಾನೇ."

"ನೋಡಿದ್ರೇ ಗೊತ್ತಾಗುತ್ತೆ. ಎಲ್ಲಾ ಬೋಳುಬೋಳು. ಒಂದು 'ದ' ಇಲ್ಲ, ಒಂದು 'ಎ' ಇಲ್ಲ." ಖಾನೆಯ ಹಾಳೆಗಳ ಮೇಲೆ ಕೈಯಿಟ್ಟು ಕೇಳಿದಳು: "ನನ್ನವು ಯಾಕೆ ಇಲ್ಲಿವೆ?"

ಅವನು ಇಂಕಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಅದನ್ನು ಇತ್ತ ಸರಿಸಿದ, ಅತ್ತ ಸರಿಸಿದ.

"ತಪ್ಪಿತ್ತಾ?"

"ಹಾಗೇನಿಲ್ಲ ಅಕ್ಕ. ಸ್ವಲ್ಪ ಉದ್ದ ಆಯ್ತು ಅಂತ..."

"ಲೋ," ಎಂದಳು ಅಕ್ಕ. ದನಿ ಏರಲಿಲ್ಲ. "ಫೇಲಾದ ಮಕ್ಕಳಿಗೆ ನಾನು ಯಾವತ್ತೂ ಬೇರೆಯವರ ಕೈಲಿ ಹೇಳಿ ಕಳಿಸಿದವಳಲ್ಲ. ಎದುರಿಗೆ ಕೂರಿಸಿಕೊಂಡು, ಎಲ್ಲಿ ತಪ್ಪಾಯ್ತು ಅಂತ ತೋರಿಸ್ತಿದ್ದೆ. ಕೂತ್ಕೋ. ತೋರಿಸು."

ಅವನು ಸ್ಟೂಲು ಎಳೆದುಕೊಂಡು ಕೂತ. ಮೇಲಿನ ಹಾಳೆ ಎತ್ತಿಕೊಂಡ. ಮಗುವನ್ನು ಕಳೆದುಕೊಂಡ ಒಬ್ಬ ತಂದೆಗೆ ಬರೆದ ಉತ್ತರ ಅದು. ಅಕ್ಕನ ಅಕ್ಷರ ಮೊದಲಿನಷ್ಟೇ ಚೆಂದ, ಅಚ್ಚು ಹಾಕಿದ ಹಾಗೆ.

"ಓದು."

ಓದಿದ. ಎರಡು ಕಡೆ ತಡವರಿಸಿದ. ಅಕ್ಕ ಉಚ್ಚಾರ ತಿದ್ದಿದಳು, ಅವನು ತಿದ್ದಿಕೊಂಡು ಮುಂದಕ್ಕೆ ಓದಿದ. ಮೂರನೇ ಸಾಲಿಗೆ ಬಂದಾಗ ನಿಂತ.

"ಅಲ್ಲೇನಾ?"

"ಹ್ಞೂಂ."

"ಯಾವ ಪದ?"

ಅವನು ಬೆರಳಿಟ್ಟು ತೋರಿಸಿದ. ಅಕ್ಕ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ತುಟಿ ಆ ಪದವನ್ನು ಸದ್ದಿಲ್ಲದೆ ಎರಡು ಮೂರು ಸಲ ಹೇಳಿಕೊಂಡಿತು. ಅದರಲ್ಲಿ ತಪ್ಪೇನಿದೆಯೆಂದು ಅವಳಿಗೆ ಕಾಣುತ್ತಿಲ್ಲ ಎಂಬುದು ಅವನಿಗೆ ಕಂಡಿತು.

"ಅಲ್ಲಿ ಏನಿರಬೇಕಿತ್ತು?"

"ಸಾರಿ," ಎಂದ ಅವನು.

"ಸ್ಪೆಲ್ಲಿಂಗ್ ಹೇಳು."

"ಎಸ್. ಓ. ಆರ್. ಆರ್..." ಅಕ್ಕ ಕಾದಳು, ಮಕ್ಕಳು ತಡವರಿಸಿದಾಗ ಕಾಯುತ್ತಿದ್ದ ಹಾಗೆ, ಮುಖದಲ್ಲಿ ಅವಸರವಿಲ್ಲದೆ. "ವೈ," ಎಂದ.

"ಸರಿ," ಎಂದಳು.

ಆಮೇಲೆ ಒಂದೊಂದೇ ಹಾಳೆ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಳು. ಹನ್ನೊಂದಕ್ಕೂ ಎಳೆದಳು. ಪೆನ್ನಿನ ಮುಚ್ಚಳ ಹಾಕಿ, ಕುರ್ಚಿಯ ಕೈ ಹಿಡಿದು ಎದ್ದಳು. ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ, "ನಾಳೆ ಏಳು ಗಂಟೆಗೆ ಪಾಠ ಇದೆ. ತಡ ಮಾಡಬೇಡ," ಎಂದಳು.

ಅವತ್ತು ಮಧ್ಯಾಹ್ನ ಅವಳು ಊಟಕ್ಕೆ ಬರಲಿಲ್ಲ. ಸಂಜೆ ಹೆಂಡತಿ ತಟ್ಟೆ ಹಿಡಿದು ಅವಳ ಕೋಣೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಮೇಲೆ ಅವನು ಕೇಳಿದ: "ಅತ್ತಳಾ?"

"ಇಲ್ಲ. 'ನನಗೆ ಏನಾಗಿದೆ ಅಂತ ಡಾಕ್ಟರು ಹೇಳಿದ್ದು ನಿನಗೆ ಗೊತ್ತಾ' ಅಂತ ಕೇಳಿದ್ರು. ಗೊತ್ತು ಅಂದೆ. ಪೂರ್ತಿ ಹೇಳಿಸಿಕೊಂಡ್ರು. ಆಮೇಲೆ ಅನ್ನ ತಣ್ಣಗಾಗಿದೆ, ಬಿಸಿ ಮಾಡ್ಕೊಂಡು ಬಾ ಅಂದ್ರು." ಅವಳು ಅನ್ನವನ್ನು ಬಿಸಿ ಮಾಡಲು ಪಾತ್ರೆಗೆ ಸುರಿದು, ಖಾಲಿ ತಟ್ಟೆಯನ್ನು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದಳು. ತಟ್ಟೆ ತೊಳೆದಾದ ಮೇಲೂ ನೀರು ಸುರಿಯುತ್ತಲೇ ಇತ್ತು.

ಪಾಠ ನಿಲ್ಲಲಿಲ್ಲ. ಆದರೆ ಏಳು ಗಂಟೆಯ ಒಂದು ತಾಸಿನ ಪಾಠ ಅರ್ಧ ತಾಸಾಯಿತು, ಆಮೇಲೆ ಕಾಲು ತಾಸು. ಅಕ್ಕ ಹೇಳಿದ್ದನ್ನೇ ಹೇಳುತ್ತಿದ್ದಳು. ಅವನು ಮೊದಲ ಸಲ ಕೇಳಿದಂತೆ ಬರೆದುಕೊಳ್ಳುತ್ತಿದ್ದ. ಅವಳು ಬಿಟ್ಟ ಜಾಗವನ್ನು ಅವನೇ ಇಂಟರ್ನೆಟ್ಟಿನ ಪಾಠಗಳಿಂದ ತುಂಬಿಕೊಳ್ಳುತ್ತಿದ್ದ. ಬಸ್ಸಿನಲ್ಲಿ, ಸಲೂನಿನಲ್ಲಿ, ಎಲ್ಲೆಂದರಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಗೊಣಗುತ್ತಿದ್ದ. ಕ್ಷೌರದವನು, "ಯಾರ ಹತ್ರ ಮಾತಾಡ್ತಿದೀರಿ ಸ್ಟುಡಿಯೋ ಸಾರ್?" ಎಂದರೆ, "ಪರೀಕ್ಷೆ ಇದೆ ಮಾರಾಯ," ಎನ್ನುತ್ತಿದ್ದ. ಒಮ್ಮೆ ಗಿರಾಕಿಯೊಬ್ಬಳು ಕಂಪ್ಯೂಟರಿನಲ್ಲಿ ಮುಖ ಕೊಟ್ಟು ಮಾತಾಡಬೇಕೆಂದಾಗ ಯಾರ ಸಹಾಯವೂ ಇಲ್ಲದೆ ಇಪ್ಪತ್ತು ನಿಮಿಷ ಮಾತಾಡಿದ. ಅಂಗಿ ಬೆನ್ನಿಗೆ ಅಂಟಿತ್ತು, ಆದರೆ ಕೆಲಸ ಸಿಕ್ಕಿತು. ಓಡಿಹೋಗಿ ಅಕ್ಕನಿಗೆ ಹೇಳಿದ. ಅವಳು ಅವನ ತಲೆ ಸವರಿ, "ಯಾವ ಕ್ಲಾಸು ಈಗ?" ಎಂದಳು.

ಆಮೇಲಿನ ವಾರ ಒಂದು ಬೆಳಿಗ್ಗೆ ಅವನು ಪುಸ್ತಕ ತೆರೆದು ಅವಳ ಮುಂದಿಟ್ಟ. ಅಕ್ಕ ಪುಟದ ಮೇಲೆ ಅಂಗೈ ಆಡಿಸಿದಳು. ಮನೆಗೆ ಬಂದ ಹೊಸಬರ ಹತ್ತಿರ ಮಾತಾಡುವಷ್ಟು ಮರ್ಯಾದೆಯಿಂದ ಕೇಳಿದಳು: "ಅಕ್ಷರ ಮುದ್ದಾಗಿವೆ. ಇದು ಯಾವ ಭಾಷೆ?"

ಅವನು ಹೇಳಿದ. ಹೌದಾ, ಎಂದಳು. ಅವನು ಪುಸ್ತಕ ಮುಚ್ಚಲಿಲ್ಲ. ಅವತ್ತಿನ ಪಾಠವನ್ನು ತಾನೇ ಗಟ್ಟಿಯಾಗಿ ಓದಿ ಮುಗಿಸಿ, ಎದ್ದು ಕೆಲಸಕ್ಕೆ ಕೂತ.

ಅವನ ಹಳೆಯ ಗಿರಾಕಿಗಳಲ್ಲಿ ಒಬ್ಬ ಮುದುಕರಿದ್ದರು, ರೈಲ್ವೆ ಗಾರ್ಡಾಗಿ ನಿವೃತ್ತರಾದವರು. ಮನೆಯ ಆಲ್ಬಮ್ಮಿನಿಂದ ತಿಂಗಳಿಗೆ ಒಂದೇ ಒಂದು ಫೋಟೋ ಕಳಿಸುವ ಪದ್ಧತಿ ಅವರದು. ಆ ಚಳಿಗಾಲದಲ್ಲಿ ಅವರಿಂದ ಉದ್ದದ ಸಂದೇಶ ಬಂತು. ಅವನು ನಿಘಂಟು ಮುಟ್ಟದೆ ಓದಿದ. ಕೆಲಸ ಎಂದಿನಂತೆ ಚೆನ್ನಾಗಿದೆ, ಎಂದು ಬರೆದಿದ್ದರು. ಆದರೆ ನಿಮ್ಮ ಕಾಗದಗಳಿಗೆ ಏನಾಯಿತು? ಮೊದಲೆಲ್ಲ ಫೋಟೋದ ಒಳಹೊಕ್ಕು ನೋಡಿ ಬರೆಯುತ್ತಿದ್ದಿರಿ. ಎಡಗಡೆಯಿಂದ ಮೂರನೇ ಹುಡುಗಿ ಬೆನ್ನ ಹಿಂದೆ ಏನೋ ಬಚ್ಚಿಟ್ಟಿದ್ದಾಳಲ್ಲ, ಏನದು ಎಂದು ಕೇಳಿದ್ದಿರಿ. ಈಗ 'ಕೆಲಸ ಮುಗಿದಿದೆ, ನೋಡಿ, ವಂದನೆ' ಅಷ್ಟೆ. ನನ್ನಿಂದ ಏನಾದರೂ ಬೇಸರವಾಯಿತೇ? ಬರೆಯುತ್ತಿರುವುದು ನೀವೇ ತಾನೇ?

ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಅಕ್ಕ ಏನು ಬರೆಯುತ್ತಿದ್ದಳೆಂದು ಅವನು ಯಾವತ್ತೂ ಓದಿರಲಿಲ್ಲ. ಅಕ್ಷರ ನೋಡಿ ಟೈಪ್ ಮಾಡಿದ್ದಷ್ಟೆ. ಅವತ್ತು ಮಧ್ಯಾಹ್ನವೆಲ್ಲ ಹಳೆಯ ಸಂದೇಶಗಳನ್ನು ಒಂದೊಂದಾಗಿ ತೆರೆದು ಓದಿದ. ಒಬ್ಬಳ ತಾಯಿಯ ಕೈಬೆರಳಿನ ಬಗ್ಗೆ ಬರೆದಿದ್ದಳು. ಒಬ್ಬ ಸೈನಿಕನ ಸಡಿಲ ಗುಂಡಿಯ ಬಗ್ಗೆ ಬರೆದಿದ್ದಳು. ಒಂದು ಕಡೆ, 'ಈ ಫೋಟೋ ತಿದ್ದುವಾಗ ನಾನು ನನ್ನ ಅಕ್ಕನನ್ನು ನೆನೆಸಿಕೊಂಡೆ, ಅವಳೂ ಹೀಗೆಯೇ ಗಂಭೀರವಾಗಿ ನಿಲ್ಲುತ್ತಾಳೆ,' ಎಂದು ಅವನ ಹೆಸರಿನಲ್ಲಿ ತನ್ನ ಬಗ್ಗೆಯೇ ತಮಾಷೆ ಮಾಡಿದ್ದಳು. ಅವನು ನಕ್ಕ. ನಗುತ್ತ ನಗುತ್ತಲೇ ಪರದೆ ಮಂಜಾಯಿತು.

ಮುದುಕರಿಗೆ ಉತ್ತರ ಬರೆಯಲು ಎರಡು ದಿನ ಹಿಡಿಯಿತು. ಬರೆಯುತ್ತಿದ್ದದ್ದು ನಾನಲ್ಲ, ನನ್ನ ಅಕ್ಕ, ಎಂದು ಬರೆದ. ಅವಳು ಟೀಚರ್ ಆಗಿದ್ದಳು ಎನ್ನಲು 'ವಾಸ್' ಹಾಕಿದ. ಒಳಗಿನಿಂದ ಅಕ್ಕ ಹೆಂಡತಿಯ ಹತ್ತಿರ ಏನೋ ಹೇಳಿ ನಗುವುದು ಕೇಳಿಸಿತು. ಅಳಿಸಿ 'ಈಸ್' ಹಾಕಿದ. ವ್ಯಾಕರಣ ಸರಿಯೋ ತಪ್ಪೋ ನೋಡಲಿಲ್ಲ. ಅವಳಿಗೆ ಇಂಗ್ಲಿಷ್ ಹೋಗಿದೆ, ಈಗ ನಮ್ಮ ಮನೆಮಾತಷ್ಟೇ ಉಳಿದಿದೆ, ನನಗೆ ಕಲಿಸಿದವಳೂ ಅವಳೇ, ಎಂದು ಬರೆದು ಕಳಿಸಿಬಿಟ್ಟ.

ನಾಲ್ಕು ದಿನಕ್ಕೆ ಉತ್ತರ ಬಂತು. ಅದು ಅವನಿಗಲ್ಲ, ಅಕ್ಕನಿಗೆ. ಅವನು ಅದನ್ನು ದಪ್ಪ ಅಕ್ಷರ ಮಾಡಿ, ಮೇಜಿನ ಮೇಲೆ ಉಳಿದಿದ್ದ ಒಳ್ಳೆಯ ಫೋಟೋ ಕಾಗದದ ಮೇಲೆ ಪ್ರಿಂಟ್ ತೆಗೆದ. ಭಾನುವಾರದ ಬೆಳಿಗ್ಗೆ. ಅಕ್ಕ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕಾಲು ಚಾಚಿದ್ದಳು. ಹೆಂಡತಿ ಹಿಂದೆ ನಿಂತು ಅವಳ ತಲೆ ಬಾಚುತ್ತಿದ್ದಳು.

"ಅಕ್ಕ, ನಿನಗೊಂದು ಕಾಗದ ಬಂದಿದೆ."

"ನನಗಾ?"

ಅವನು ನೆಲದ ಮೇಲೆ ಕೂತು ಓದಿದ. ಮೊದಲು ಇಂಗ್ಲಿಷಿನಲ್ಲಿ, ಒಂದು ಕಡೆಯೂ ತಡವರಿಸದೆ. ಅಕ್ಕ ತಲೆದೂಗುತ್ತ ಕೇಳಿದಳು, ಹಾಡು ಕೇಳುವ ಹಾಗೆ. ಮುಗಿದಮೇಲೆ, "ಏನಂತೆ?" ಎಂದಳು.

ಅವನು ಒಂದೊಂದೇ ಸಾಲನ್ನು ಬಿಡಿಸಿ ಹೇಳಿದ. "ಟೀಚರ್ ಅವರಿಗೆ ನಮಸ್ಕಾರ. ಆ ಹುಡುಗಿ ಬೆನ್ನ ಹಿಂದೆ ಏನು ಬಚ್ಚಿಟ್ಟಿದ್ದಾಳೆ ಅಂತ ಅರವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನೀವು ಕೇಳಿದ್ರಿ. ನಾನು ಆಗ ಉತ್ತರ ಕೊಡಲಿಲ್ಲ. ಅವಳು ನನ್ನ ತಂಗಿ. ಕೈಯಲ್ಲಿದ್ದದ್ದು ಕಪ್ಪೆ."

"ಕಪ್ಪೇನಾ!" ಅಕ್ಕ ಜೋರಾಗಿ ನಕ್ಕಳು. ಬಾಚಣಿಗೆ ಜಾರಿತು. "ಅಯ್ಯೋ, ಅದು ನೆಗೆದುಬಿಟ್ರೆ?"

"ನೆಗೀತಂತೆ. ಫೋಟೋ ತೆಗೆದ ಮರುಗಳಿಗೆ ಅವರಜ್ಜಿ ಮಡಿಲಿಗೆ."

ಹೆಂಡತಿಯೂ ನಕ್ಕಳು. ಅವನು ಉಳಿದದ್ದನ್ನು ಹೇಳಿದ. ನಿಮ್ಮ ತಮ್ಮನ ಇಂಗ್ಲಿಷಿನಲ್ಲಿ ತಪ್ಪುಗಳಿವೆ, ಆದರೆ ನನಗೆ ಎಲ್ಲ ಅರ್ಥವಾಯಿತು, ಎಂಬ ಕೊನೆಯ ಸಾಲಿಗೆ ಬಂದಾಗ ದನಿ ಸಣ್ಣದಾಯಿತು. ಅಕ್ಕ ಕೈ ಚಾಚಿದಳು. ಕಾಗದ ಕೊಟ್ಟ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಸಾಲುಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ತಿರುಗಿಸಿ ಹಿಂಭಾಗ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಬರೀ ಬಿಳುಪು. ಮತ್ತೆ ತಿರುಗಿಸಿದಳು.

"ಆ ಹುಡುಗಿ ಎಲ್ಲಿ?" ಎಂದಳು.

ಅಕ್ಕ ಕಾಗದವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೂ ಹುಡುಕುತ್ತಿದ್ದಳು. ಹೆಂಡತಿ ಬಾಚಣಿಗೆ ಎತ್ತಿಕೊಂಡು, ಸಿಕ್ಕುಗಟ್ಟಿದ ಬಿಳಿ ಕೂದಲನ್ನು ತುದಿಯಿಂದ ಬಿಡಿಸತೊಡಗಿದಳು.